ಮುಳ್ಳು ಹಸಿರಲ್ಲಿದ್ದರೆ ಸಾಲದು

ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ ಚೀಟಿ ಅಂಟಿಸಿದರೆ ಆಫೀಸಿನ ಫೈರ್ ಎಕ್ಸ್‌ಟಿಂಗ್ವಿಷರ್ ಚಿಂತೆ ಮುಗಿಯಿತು ಅನ್ನುವ ಧಾಟಿಯಲ್ಲಿದೆ ಈ ಬಗ್ಗೆ ಈಚೆಗೆ ಓದಿದ ಒಂದು ಲೇಖನ. ಅಷ್ಟಕ್ಕೇ ಬಿಟ್ಟರೆ ಆಗುವುದಿಲ್ಲ. ತಿಂಗಳಿಗೊಮ್ಮೆ ಯಾರಾದರೂ ಒಬ್ಬರು ಎಲ್ಲದರ ಮೇಲೂ ಕಣ್ಣಾಡಿಸಲೇಬೇಕು.

ಒತ್ತಡ ತೋರಿಸುವ ಮೀಟರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯಾ, ಪಿನ್ನೂ ಸೀಲೂ ಹಾಗೇ ಇವೆಯಾ ಅಂತ ನೋಡುವವರು ಇದ್ದಾರೆ. ಪೈಪಿನ ಬಾಯಿ ನೋಡುವವರು ಕಮ್ಮಿ. ಅಲ್ಲಿ ಜೇಡ ಬಲೆ ಕಟ್ಟಿರುತ್ತದೆ, ಇಲ್ಲವೇ ಕಣಜ ಮಣ್ಣು ಮೆತ್ತಿ ಗೂಡು ಮಾಡಿರುತ್ತದೆ. ರಬ್ಬರ್ ಬಿರುಕು ಬಿಟ್ಟಿರುವುದೂ ಉಂಟು. ಇನ್ನು ಸಿಲಿಂಡರಿನ ಎದುರಿಗೇ ರಟ್ಟಿನ ಡಬ್ಬಗಳ ರಾಶಿ ಪೇರಿಸಿಟ್ಟಿದ್ದರೆ ಕೇಳುವುದೇ ಬೇಡ!

ಲೇಖನದಲ್ಲಿ ಬಿಟ್ಟುಹೋದ ಮುಖ್ಯ ಸಂಗತಿ ಅಂದರೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಕಂಪ್ಯೂಟರ್, ಕರೆಂಟ್ ಬೋರ್ಡ್ ಪಕ್ಕ ಇಡುತ್ತಾರಲ್ಲ, ಅದು. ಸಾಮಾನ್ಯವಾಗಿ ಅದಕ್ಕೆ ಮೀಟರೇ ಇರುವುದಿಲ್ಲ. ಗ್ಯಾಸ್ ಸೋರಿದ್ದರೆ ಹೊರಗಿಂದ ಗೊತ್ತಾಗುವುದೂ ಇಲ್ಲ. ತೂಕ ಹಾಕಿಯೇ ನೋಡಬೇಕು. ತುಂಬಿದಾಗ ಎಷ್ಟಿರಬೇಕು ಅಂತ ಅದರ ಮೇಲೇ ನಮೂದಾಗಿರುತ್ತದೆ. ಒಳಗಿನ ಗ್ಯಾಸ್ ಶೇ. 10ರಷ್ಟು ಕಮ್ಮಿಯಾಗಿದ್ದರೆ ಮತ್ತೆ ತುಂಬಿಸಬೇಕು. ಸರ್ವಿಸಿಗೆ ಬಂದವರು ತಕ್ಕಡಿ ತರದೆ ಬರೀ ಬಟ್ಟೆಯಲ್ಲಿ ಒರೆಸಿ ಚೀಟಿ ಅಂಟಿಸಿದರೆ ಒಪ್ಪಬೇಡಿ.

ಬೆಂಕಿ ಆರಿಸುವ ಪುಡಿ ತುಂಬಿದ ಸಿಲಿಂಡರನ್ನು ಸುಮ್ನೆ ಒಮ್ಮೆ ಒತ್ತಿ ನೋಡುವ ಚಾಳಿ ಕೆಲವರಿಗಿದೆ, ಅಲ್ವಾ? ಹಾಗೆ ಮಾಡಿದರೆ ಪುಡಿ ವಾಲ್ವಿನಲ್ಲಿ ಸಿಕ್ಕಿಕೊಂಡು ಅದು ಸರಿಯಾಗಿ ಮುಚ್ಚದೆ ಒತ್ತಡ ಮೆಲ್ಲಗೆ ಇಳಿದುಹೋಗಬಹುದು. ಸ್ವಲ್ಪವೇ ಬಳಸಿದ್ದರೂ ರೀಫಿಲ್‌ಗೆ ಕಳಿಸಿ. ಅದು ವಾಪಸ್ ಬರುವವರೆಗೆ ಗೋಡೆ ಖಾಲಿ ಬಿಡಬೇಡಿ, ಬದಲಿ ಸಿಲಿಂಡರ್ ಕೇಳಿ ಇಟ್ಟುಕೊಳ್ಳಿ.