ಹವಳ ಕಾಯುವ ಯುದ್ಧನೌಕೆಗಳು

ಚೀನಾಕ್ಕೆ ಪರಿಸರದ ಮೇಲೆ ದಿಢೀರ್ ಪ್ರೀತಿ ಉಕ್ಕಿದೆ. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ, ಫಿಲಿಪ್ಪೀನ್ಸ್ ಎರಡೂ ತಮ್ಮದು ಅನ್ನುವ ಸ್ಕಾರ್‌ಬರೋ ಶೋಲ್ ಎಂಬ ಹವಳದ ದಿಬ್ಬವನ್ನು ರಾಷ್ಟ್ರೀಯ ನಿಸರ್ಗಧಾಮ ಅಂತ ಘೋಷಿಸಿತಲ್ಲ, ಆವತ್ತಿನಿಂದ ನನಗೆ ಅದರದೇ ಗುಂಗು. ಸುಮಾರು 3,500 ಹೆಕ್ಟೇರ್ ಅಂತೆ. ಹವಳ ಉಳಿಯಬೇಕಂತೆ. ಜಾಗ ಇರುವುದು ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪದಿಂದ 220 ಕಿಲೋಮೀಟರ್ ಆಚೆ. ಚೀನಾದ ಹೈನಾನ್‌ನಿಂದ ಲೆಕ್ಕ ಹಾಕಿದರೆ ಸುಮಾರು 900. ಅಷ್ಟು ದೂರದ ಹವಳದ ಕಷ್ಟಕ್ಕೂ ಮರುಗುವವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಹೇಳಿ.

ಅದೇ ಸಮುದ್ರದಲ್ಲಿ, ಸ್ಪ್ರಾಟ್ಲಿ ದ್ವೀಪಗಳ ಕಡೆ, ಏಳು ಹವಳ ದಿಬ್ಬಗಳ ಮೇಲೆ ಮರಳು ಸುರಿದು ಮೂರರ ಮೇಲೆ ರನ್‌ವೇ ಕಟ್ಟಿದವರೂ ಇವರೇ. ಆ ಹವಳಕ್ಕೆ ಯೋಗ ಇರಲಿಲ್ಲ, ಬಿಡಿ. ಕೆರೆ ನುಂಗಿದವನೇ ಕೆರೆ ಉಳಿಸಿ ಸಮಿತಿಗೆ ಅಧ್ಯಕ್ಷನಾಗುವುದನ್ನು ನೋಡಿ ಬೆಳೆದ ನಮಗೆ ಇದೇನು ಹೊಸದಲ್ಲ.

ನಿಸರ್ಗಧಾಮ ಅಂದಮೇಲೆ ಕಾವಲು ಬೇಕಲ್ವಾ? ಘೋಷಣೆಯಾಗಿ ವಾರ ತುಂಬುವುದರೊಳಗೆ ಫಿಲಿಪ್ಪೀನ್ಸ್ ಮೀನುಗಾರಿಕೆ ಇಲಾಖೆಯ ಹಡಗಿಗೆ ಜಲಫಿರಂಗಿ ಹೊಡೆದರು. ಗಾಜು ಒಡೆದು ಒಬ್ಬರಿಗೆ ಗಾಯವಾಯಿತು. ಅದಕ್ಕೂ ಮೊದಲು, ಆಗಸ್ಟ್ 11ರಂದು, ಫಿಲಿಪ್ಪೀನ್ಸ್ ಹಡಗನ್ನು ಅಟ್ಟಿಸಿಕೊಂಡು ಹೋದ ಚೀನಾದ ಕೋಸ್ಟ್ ಗಾರ್ಡ್ ಹಡಗು ತಮ್ಮದೇ ಯುದ್ಧನೌಕೆಗೆ ಗುದ್ದಿ ಮೂತಿ ಜಜ್ಜಿಸಿಕೊಂಡಿತ್ತು. ವಿಡಿಯೊ ಎಲ್ಲರೂ ನೋಡಿದ್ದೀರಿ. ಸಹಾಯ ಬೇಕಾ ಅಂತ ರೇಡಿಯೊದಲ್ಲಿ ಕೇಳಿದ್ದು ತಪ್ಪಿಸಿಕೊಂಡು ಓಡುತ್ತಿದ್ದ ಫಿಲಿಪ್ಪೀನ್ಸ್‌ನವರು! ಚೀನಾದ ಹೇಳಿಕೆಯಲ್ಲಿ ಢಿಕ್ಕಿಯ ಸುದ್ದಿಯೇ ಇಲ್ಲ.

ಫಿಲಿಪ್ಪೀನ್ಸ್ ಏನು ಕಡಿಮೆ ಅಂದುಕೊಂಡಿರಾ? ಇನ್ನೊಂದು ದಿಬ್ಬದ ಕಥೆ ಕೇಳಿ. 1999ರಲ್ಲಿ ಸಿಯೆರಾ ಮಾದ್ರೆ ಅನ್ನುವ ಹಳೇ ಹಡಗನ್ನು ಬೇಕಂತಲೇ ಸೆಕೆಂಡ್ ಥಾಮಸ್ ಶೋಲ್ ಮೇಲೆ ಹತ್ತಿಸಿ ನಿಲ್ಲಿಸಿದರು. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕ ಕಟ್ಟಿದ ಹಡಗು ಅದು. ಮೈಯೆಲ್ಲಾ ತುಕ್ಕು, ಎಲ್ಲಿ ನೋಡಿದರೂ ತೂತು. ಅದರೊಳಗೆ ಬೆರಳೆಣಿಕೆಯ ಸೈನಿಕರು ಪಾಳಿ ಮೇಲೆ ಕಾಯುತ್ತಾ ಕೂತಿದ್ದಾರೆ. ಕಾಗದದಲ್ಲಿ ಮಾತ್ರ ಅದು ಇವತ್ತಿಗೂ ಸೇವೆಯಲ್ಲಿರುವ ಯುದ್ಧನೌಕೆ. ಅದನ್ನು ಮುಟ್ಟಿದರೆ 1951ರ ರಕ್ಷಣಾ ಒಪ್ಪಂದದಂತೆ ಅಮೆರಿಕ ಓಡಿ ಬರಬೇಕು. ಏಷ್ಯಾದ ಭದ್ರತೆ ನಿಂತಿರುವುದು ಗುಜರಿಯವನೂ ಒಲ್ಲೆ ಅನ್ನುವ ಈ ತಗಡಿನ ಮೇಲೆ.

2024ರ ಜೂನ್‌ನಲ್ಲಿ ಅಲ್ಲಿಗೆ ಸಾಮಾನು ಒಯ್ಯುತ್ತಿದ್ದವರ ಮೇಲೆ ಚೀನಾದವರು ಚಾಕು, ಕೊಡಲಿ ಹಿಡಿದು ಬಂದರು. ಒಬ್ಬ ಫಿಲಿಪ್ಪೀನ್ಸ್ ಯೋಧನ ಹೆಬ್ಬೆರಳು ಹೋಯಿತು. ಅಮೆರಿಕ ಎಂದಿನಂತೆ ನಮ್ಮ ಬದ್ಧತೆ ಉಕ್ಕಿನಷ್ಟು ಗಟ್ಟಿ ಅಂದಿತು. ನಮ್ಮ ಪ್ರಜೆಯ ಪ್ರಾಣ ಹೋದರೆ ಅದು ಯುದ್ಧಕ್ಕೆ ಹತ್ತಿರ ಅಂತ ಫಿಲಿಪ್ಪೀನ್ಸ್ ಅಧ್ಯಕ್ಷ ಮಾರ್ಕೋಸ್ ಮೊದಲೇ ಹೇಳಿಬಿಟ್ಟಿದ್ದರು. ಹೆಬ್ಬೆರಳು ಆ ಲೆಕ್ಕಕ್ಕೆ ಬರುವುದಿಲ್ಲ.

ಕಾನೂನು ಇಲ್ಲವೇ ಅಂತ ಕೇಳಬೇಡಿ, ಜಾಸ್ತಿಯೇ ಇದೆ. ಈ ಸಮುದ್ರದ ಬಹುಪಾಲು ತನ್ನದು ಅಂತ ಚೀನಾ ನಕ್ಷೆಯಲ್ಲಿ ಎಳೆದುಕೊಂಡ ಒಂಬತ್ತು ತುಂಡಿನ ಗೆರೆಗೆ ಕಾನೂನಿನ ಆಧಾರವಿಲ್ಲ ಅಂತ ಹೇಗ್‌ನ ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಅದು ರದ್ದಿ ಅಂದಿತು ಚೀನಾ, 2023ರ ನಕ್ಷೆಯಲ್ಲಿ ಹತ್ತು ತುಂಡು ಎಳೆದು ತೋರಿಸಿತು. ತೀರ್ಪಿಗೆ ತಲೆಬಾಗಿ ಅಂತ ಉಪದೇಶ ಮಾಡುವ ಅಮೆರಿಕ ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಪ್ಪಂದಕ್ಕೆ ಇನ್ನೂ ಸೇರಿಲ್ಲ. ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಮತ್ತು ಚೀನಾ ಈ ಸಮುದ್ರಕ್ಕೊಂದು ನೀತಿಸಂಹಿತೆ ಮಾಡೋಣ ಅಂತ ಕೈಕುಲುಕಿದ್ದು 2002ರಲ್ಲಿ. ಆ ವರ್ಷ ಹುಟ್ಟಿದ ಹುಡುಗರು ಈಗ ಅದೇ ಹಡಗುಗಳ ಮೇಲೆ ಡ್ಯೂಟಿ ಮಾಡುವ ವಯಸ್ಸಿಗೆ ಬಂದಿದ್ದಾರೆ, ಸಂಹಿತೆ ಬಂದಿಲ್ಲ. ನಾವೂ ಸುಮ್ನೆ ಕೂತಿಲ್ಲ, ಫಿಲಿಪ್ಪೀನ್ಸ್‌ಗೆ ಬ್ರಹ್ಮೋಸ್ ಕ್ಷಿಪಣಿ ಮಾರಿದ್ದೇವೆ.

ನಗುವುದಕ್ಕೂ ಬೇಜಾರಾಗುತ್ತದೆ. ಬಿರುಗಾಳಿ ಎದ್ದಾಗ ಲುಜಾನ್ ತೀರದ ಮಾಸಿನ್‌ಲೊಕ್ ಕಡೆಯ ಮೀನುಗಾರರು ಸ್ಕಾರ್‌ಬರೋದ ಒಳಗಿನ ನೀರಿಗೆ ಹೋಗಿ ದೋಣಿ ನಿಲ್ಲಿಸುತ್ತಿದ್ದರು. ಎರಡೂ ದೇಶದ ಮೀನುಗಾರರಿಗೆ ಅಲ್ಲಿ ಹಿಂದಿನಿಂದ ಬಂದ ಹಕ್ಕಿದೆ ಅಂತ ಆ ರದ್ದಿ ತೀರ್ಪಿನಲ್ಲೇ ಬರೆದಿದೆ. 2012ರಿಂದ ಆ ಒಳನೀರಿನ ಬಾಯಿಗೆ ಚೀನಾದ ಹಡಗುಗಳು ಅಡ್ಡ ನಿಂತಿವೆ. ಇಷ್ಟು ದಿನ ಓಡಿಸುವುದಕ್ಕೆ ಇದು ನಮ್ಮ ಜಾಗ ಅನ್ನುತ್ತಿದ್ದರು. ಇನ್ನು ಮೇಲೆ ಬಲೆ ಬೀಸಿದವನು ಪರಿಸರ ದ್ರೋಹಿ.