ಏಳು ಹಕ್ಕಿಗಳ ಗಣರಾಜ್ಯೋತ್ಸವ

ಜನವರಿ 26ರ ರಜೆಯನ್ನು ಈ ಸಲ ಹಕ್ಕಿಗಳಿಗೇ ಮೀಸಲಿಡುತ್ತೇನೆಂದು ಹಿಂದಿನ ರಾತ್ರಿಯೇ ಮನೆಯಲ್ಲಿ ಸಾರಿಬಿಟ್ಟಿದ್ದೆ. ನಮ್ಮ ಶಿರಸಿ ಕಡೆ ಅದು ಅಡಕೆ ಕೊಯ್ಲಿನ ಕಾಲವಾದ್ದರಿಂದ, ಅಂಗಳದಲ್ಲಿ ಹರವಿದ ಅಡಕೆಯನ್ನು ಮಗುಚುವ ಕೆಲಸದಿಂದ ಪಾರಾಗಲು ಇದಕ್ಕಿಂತ ಮರ್ಯಾದೆಯ ದಾರಿ ನನಗೆ ಹೊಳೆದಿರಲಿಲ್ಲ.

ಹಬ್ಬದ ದಿನವಾದ್ದರಿಂದ 1963ರಲ್ಲಿ ರಾಷ್ಟ್ರಪಕ್ಷಿಯೆಂದು ಘೋಷಿತವಾದ ನವಿಲು, ಇಲ್ಲವೇ ನಮ್ಮ ರಾಜ್ಯಪಕ್ಷಿಯಾದ ನೀಲಕಂಠ, ಇವೆರಡರಲ್ಲಿ ಒಂದಾದರೂ ಹಾಜರಿ ಹಾಕಲಿ ಎಂಬ ಆಸೆಯಿತ್ತು. ಭಾವನಿಂದ ಎರವಲು ತಂದ ದುರ್ಬೀನನ್ನು ಕೊರಳಿಗೆ ತೂಗುಹಾಕಿಕೊಂಡು ತೋಟದಂಚಿನ ಮಾವಿನ ಮರಕ್ಕೆ ಒರಗಿ ನಿಂತೆ. ಇಬ್ಬನಿಯಲ್ಲಿ ಅಡಕೆ ಮರಗಳ ತಲೆಯೇ ಕಾಣಿಸುತ್ತಿರಲಿಲ್ಲ. ಆದರೆ ಕಿವಿಗೇನೂ ಬರವಿರಲಿಲ್ಲ. ಕುಟುರನ 'ಕುಟ್ರು ಕುಟ್ರು', ಪಿಕಳಾರದ ಉಲಿ, ಹರಟೆಮಲ್ಲಗಳ ಜಗಳ, ಗಿಡುಗನ ಕೀರಲು ಎಂದು ಕಿವಿಗೆ ಬಿದ್ದುದನ್ನೆಲ್ಲ ಬರೆಯುತ್ತ ಹೋದಂತೆ ಅರ್ಧ ಗಂಟೆಯಲ್ಲಿ ಏಳು ಹಕ್ಕಿಗಳಾದವು. ಪಟ್ಟಿಯನ್ನು ಆ ಕ್ಷಣವೇ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದು ನನ್ನ ತಪ್ಪು.

ಹೂ ಕೊಯ್ಯಲು ಬಂದ ಆಯಿ ಪಟ್ಟಿಯನ್ನು ಕೇಳಿ, ತಲೆಯೆತ್ತದೆಯೇ ಹೇಳಿದಳು: "ತಮಾ, ಅಲ್ಲಿ ಕೂಗ್ತಾ ಇಪ್ಪದು ಒಂದೇ ಹಕ್ಕಿ."

ಇಬ್ಬನಿ ಸರಿದಾಗ ಅದು ಕಾಣಿಸಿತು. ಕಡುಗಪ್ಪು ಮೈ, ನೆತ್ತಿಯ ಮೇಲೆ ಕೆದರಿದ ಜುಟ್ಟು, ಬಾಲದಿಂದ ಇಳಿಬಿದ್ದ ಎರಡು ತಂತಿಗಳ ತುದಿಯಲ್ಲಿ ಒಂದೊಂದು ಗರಿಯ ಚಮಚ: ಪರರ ದನಿಯನ್ನು ಅನುಕರಿಸುವುದರಲ್ಲಿ ಎತ್ತಿದ ಕೈ ಎನಿಸಿದ ಭೀಮರಾಜ. ನನ್ನನ್ನು ನೋಡುತ್ತಲೇ ಅದು ಇನ್ನೊಮ್ಮೆ ಕುಟುರನಾಗಿ, ಮರುಗಳಿಗೆಯಲ್ಲಿ ಗಿಡುಗನಾಗಿ ಹಾರಿತು. ಹಾರುವಾಗ ಎರಡು ಕರಿದುಂಬಿಗಳು ಅದರ ಬೆನ್ನಟ್ಟಿದಂತೆ ಕಾಣುತ್ತಿತ್ತು. ದುರ್ಬೀನನ್ನು ಅದರ ಹಿಂದೆಯೇ ತಿರುಗಿಸುವ ಭರದಲ್ಲಿ ನಾನು ಕೊಂಬೆಯೊಂದನ್ನು ಅಲುಗಿಸಿದ್ದೆ; ಎಲೆಗಳನ್ನು ಹೆಣೆದು ಕಟ್ಟಿದ ಚಗಳಿ ಇರುವೆಗಳ ಗೂಡು ಅದೇ ಕೊಂಬೆಯಲ್ಲಿತ್ತು. ಚಗಳಿಗಳು ಯಾರ ಅನುಕರಣೆಯನ್ನೂ ಮಾಡುವುದಿಲ್ಲ, ತಮ್ಮ ಕೆಲಸವನ್ನು ನೇರವಾಗಿಯೇ ಮಾಡುತ್ತವೆ. ಅಂಗಿಯನ್ನು ಕೊಡವುತ್ತ ನಾನು ಹೊರಡಿಸಿದ ದನಿ ಆ ಪಟ್ಟಿಯ ಎಂಟನೆಯ ಹಕ್ಕಿಯಾಗಲು ಎಲ್ಲ ರೀತಿಯಿಂದಲೂ ಅರ್ಹವಾಗಿತ್ತು.

ಅಂಗಳದಲ್ಲಿ ಅಡಕೆ ಮಗುಚುತ್ತ, ಊದಿದ ಕತ್ತಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಮಗ ಧ್ವಜಾರೋಹಣ ಮುಗಿಸಿ ಲಾಡು ತಿನ್ನುತ್ತ ಬಂದ.

"ಅಪ್ಪಾ, ಎಷ್ಟು ಹಕ್ಕಿ ಸಿಕ್ತು?"

"ಒಂದು."

"ಒಂದೇಯಾ? ನಮ್ಮ ಶಾಲೆ ಮೈದಾನದ ಲೈಟ್ ತಂತಿ ಮೇಲೆ, ರಾಷ್ಟ್ರಗೀತೆ ಮುಗಿಯವರೆಗೂ ನೀಲಕಂಠ ಕೂತಿತ್ತು."