ಬರೆದವರು ಇಲ್ಲೇ ಇದ್ದಾರೆ

ಸಿಡ್ನಿಗೆ ಬಂದ ಹೊಸತರಲ್ಲಿ ರಾತ್ರಿ ಪಾತ್ರೆ ತೊಳೆಯುತ್ತ ರೇಡಿಯೋದಲ್ಲಿ ‘ಲೇಟ್ ನೈಟ್ ಲೈವ್’ ಎಂಬ ಮಾತುಕತೆಯ ಕಾರ್ಯಕ್ರಮ ಕೇಳುತ್ತಿದ್ದೆ. ಶುರುವಿಗೆ ಬರುತ್ತಿದ್ದ ಸಂಗೀತ ಎಂದೋ ತೀರಿಕೊಂಡ ಯಾರೋ ಯುರೋಪಿನವರದೆಂದು ನಂಬಿದ್ದೆ. ಪಕ್ಕದ ಮನೆಯ ಅಜ್ಜಿ ನಕ್ಕರು: ಬರೆದವರು ಎಲೆನಾ ಕಾಟ್ಸ್-ಚೆರ್ನಿನ್, ಇದೇ ಊರಿನವರು. ಪೆಚ್ಚಾದೆ.

1957ರಲ್ಲಿ ತಾಷ್ಕೆಂಟಿನಲ್ಲಿ ಹುಟ್ಟಿ, 1975ರಲ್ಲಿ ಇಲ್ಲಿಗೆ ವಲಸೆ ಬಂದು, ಜರ್ಮನಿಯಲ್ಲಿ ಸಂಗೀತ ರಚನಕಾರ ಹೆಲ್ಮುಟ್ ಲಾಕೆನ್‌ಮನ್ ಬಳಿ ಕಲಿತು 1994ರಲ್ಲಿ ಮರಳಿದವರು. 2000ದ ಒಲಿಂಪಿಕ್ಸ್ ಉದ್ಘಾಟನೆಗೆ ಸಂಗೀತ ಬರೆದರು. 2003ರಲ್ಲಿ ‘ವೈಲ್ಡ್ ಸ್ವಾನ್ಸ್’ ಬ್ಯಾಲೆ. ಅದರ ನಾಯಕಿ ಎಲೈಜಾ ಮಾತಾಡುವಂತಿಲ್ಲ, ಆಡಿದರೆ ಮಾಟದಿಂದ ಹಂಸಗಳಾದ ಅವಳ ಅಣ್ಣಂದಿರು ಉಳಿಯುವುದಿಲ್ಲ. ಹಾಗಾಗಿ ಅವಳ ಹಾಡಿಗೆ ಸಾಹಿತ್ಯವೇ ಇಲ್ಲ, ಬರಿಯ ಉಚ್ಚಾರಗಳು, ನಮ್ಮ ತಿಲ್ಲಾನದ ಸೊಲ್ಲುಗಳ ಹಾಗೆ. ಅದೇ ಹಾಡು ಬ್ರಿಟನ್ನಿನ ಬ್ಯಾಂಕೊಂದರ ಜಾಹೀರಾತಿಗೂ ಹೋಯಿತು. ನಮ್ಮಲ್ಲಾಗಿದ್ದರೆ ‘ವಿದ್ವತ್ತು ಮಾರಿಕೊಂಡರು’ ಎಂದು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ತೀರ್ಪಾಗುತ್ತಿತ್ತು.

ಇಲ್ಲಾದರೆ ಇನ್ನೂ ಬದುಕಿರುವ ರಚನಕಾರರಿಗೆ ಹೇಳಿ ಹೊಸ ಕೃತಿ ಬರೆಸುತ್ತಾರೆ, ದುಡ್ಡು ಕೊಡುತ್ತಾರೆ. ಹೋದ ರಾಮನವಮಿಗೆ ಮೈಸೂರಿನಲ್ಲಿದ್ದೆ. ಸಂಗೀತೋತ್ಸವದ ಪೆಂಡಾಲಿನಲ್ಲಿ ಒಬ್ಬರು ಸಂಘಟಕರನ್ನು, ಈಗಿನವರು ರಚಿಸಿದ ಒಂದು ಕೃತಿ ಹಾಡಿಸಬಾರದೇ ಎಂದು ಕೇಳಿದೆ. ‘ಜನ ಎದ್ದು ಹೋಗುತ್ತಾರೆ ಸ್ವಾಮಿ, ಗೊತ್ತಿರುವುದೇ ಇರಲಿ’ ಎಂದರು. ಪಾನಕ ಕೊಟ್ಟು ಸಾಗಹಾಕಿದರು. ಆ ಸಂಜೆ ‘ಬ್ರೋಚೇವಾರೆವರುರಾ’ ಬಂತು. ಪಕ್ಕದಲ್ಲಿದ್ದ ಚಿಕ್ಕಮ್ಮ ‘ತ್ಯಾಗರಾಜರದು, ಎಂಥ ಖಮಾಚ್ ರಾಗ!’ ಎಂದರು. ಅದು ಮೈಸೂರು ವಾಸುದೇವಾಚಾರ್ಯರದು, ಅವರು 1961ರವರೆಗೆ ಬದುಕಿದ್ದರು ಎಂದೆ. ಅದೇ ಊರಿನಲ್ಲಿ ಹುಟ್ಟಿ ಬೆಳೆದ ಚಿಕ್ಕಮ್ಮ ನಂಬಲಿಲ್ಲ. ನನ್ನ ರೇಡಿಯೋ ಪ್ರಸಂಗವನ್ನು ಅವರಿಗೆ ಹೇಳಲಿಲ್ಲ, ಬಿಡಿ.

ಇನ್ನೊಂದನ್ನೂ ಒಪ್ಪಿಕೊಳ್ಳಲೇಬೇಕು. ಸಿಡ್ನಿಯ ನನ್ನ ಆಫೀಸಿನಲ್ಲಿ ಕಾಟ್ಸ್-ಚೆರ್ನಿನ್ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ಹೊಸ ಕೃತಿಗಳಿಗೆ ಹೋದಾಗ ಅರ್ಧ ಸಭಾಂಗಣ ಖಾಲಿ ಇದ್ದುದನ್ನೂ ನೋಡಿದ್ದೇನೆ. ನಮ್ಮ ಅಮ್ಮನೋ, ಹುರುಳಿಕಾಯಿ ನಾರು ತೆಗೆಯುತ್ತ ವಾಸುದೇವಾಚಾರ್ಯರನ್ನು ಅನುಪಲ್ಲವಿ ಸಹಿತ ಹಾಡುತ್ತಾರೆ, ಯಾರದೆಂದು ಗೊತ್ತಿಲ್ಲದೆ.

ಮೊನ್ನೆ ಫೋನಿನಲ್ಲಿ ಎಲೈಜಾಳ ಹಾಡು ಕೇಳಿಸಿದೆ. ಅಮ್ಮ ಕೊನೆಯವರೆಗೂ ಕೇಳಿದರು.

‘ಯಾವ ರಾಗವೋ ಇದು?’

ಗೊತ್ತಿಲ್ಲಮ್ಮ ಎಂದೆ.